ಟೆಕ್ಸ್ಟ್ ಫೈಲಿನಲ್ಲಿ ಬಗ್ ಪಟ್ಟಿ: ಎಲ್ಲಿಯವರೆಗೆ ಸಾಕು, ಯಾವಾಗ ಸಾಲದು?

ಪ್ರಶ್ನೆ: ಕೋಲಾರದಲ್ಲಿ ನಾವು ಮೂವರು ಸ್ನೇಹಿತರು ಸೇರಿ ಟೊಮೆಟೊ ಮಂಡಿಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ಲಾಟು, ಬಾಕ್ಸ್, ಹಮಾಲಿ, ಖರೀದಿದಾರರ ಬಿಲ್, ಬಾಕಿ ವಸೂಲಿ ಎಲ್ಲವೂ ಅದರಲ್ಲಿದೆ. ಮೊದಲಿನಿಂದಲೂ ಬಗ್‌ಗಳನ್ನು ಅಂದರೆ ಸಾಫ್ಟ್‌ವೇರಿನ ತಪ್ಪುಗಳನ್ನೂ ಮಾಡಬೇಕಾದ ಕೆಲಸಗಳನ್ನೂ ಒಂದೇ ಟೆಕ್ಸ್ಟ್ ಫೈಲಿನಲ್ಲಿ ಬರೆದು, ಕೋಡ್ ಜೊತೆಗೇ ಗಿಟ್‌ನಲ್ಲಿ (ಫೈಲುಗಳ ಪ್ರತಿ ಬದಲಾವಣೆಯ ಇತಿಹಾಸವನ್ನೂ ಉಳಿಸಿಡುವ ತಂತ್ರಾಂಶ) ಇಟ್ಟುಕೊಂಡಿದ್ದೇವೆ. ಈಗ ಆ ಫೈಲ್ 900 ಸಾಲು ದಾಟಿದೆ. ನಾನೇ ಬರೆದಿದ್ದ ಎರಡು ಮೂರು ಟಿಪ್ಪಣಿಗಳು ಇತ್ತೀಚೆಗೆ ಅದರಿಂದ ಮಾಯವಾಗಿವೆ; ಯಾರನ್ನು ಕೇಳಿದರೂ ಅಳಿಸಿಲ್ಲ ಎನ್ನುತ್ತಾರೆ. ‘ಮುಗಿಯಿತು’ ಎಂದು ಗುರುತು ಹಾಕಿದ್ದ ಹಮಾಲಿ ಲೆಕ್ಕದ ತಪ್ಪು ಒಂದು ಮಂಡಿಯಲ್ಲಿ ಮತ್ತೆ ಕಾಣಿಸಿಕೊಂಡು ಮಾಲೀಕರಿಂದ ಮಾತು ಕೇಳಬೇಕಾಯಿತು. ಬೆಂಗಳೂರಿನ ಕಂಪನಿಯೊಂದರಲ್ಲಿರುವ ಗೆಳೆಯ, ಟೆಕ್ಸ್ಟ್ ಫೈಲ್ ನಂಬಿಕೊಂಡಿರುವುದು ಹುಡುಗಾಟ, ಕೂಡಲೇ ದೂರು, ಕೆಲಸಗಳನ್ನು ದಾಖಲಿಸುವ ವೆಬ್ ವ್ಯವಸ್ಥೆಯಾದ ಜಿರಾಗೆ ಬದಲಾಯಿಸಿ ಎನ್ನುತ್ತಾನೆ. ಮುಂದಿನ ತಿಂಗಳಿಂದ ಶ್ರೀನಿವಾಸಪುರದಲ್ಲಿ ಫೋನ್ ದೂರುಗಳನ್ನು ತೆಗೆದುಕೊಳ್ಳಲು ಒಬ್ಬರನ್ನು ನೇಮಿಸಿಕೊಳ್ಳುತ್ತಿದ್ದೇವೆ. ಅವರಿಗೆ ಗಿಟ್ ಗೊತ್ತಿಲ್ಲ. ನಾವು ಈ ಫೈಲನ್ನು ಬಿಡಬೇಕೇ?
– ಓದುಗರು, ಕೋಲಾರ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಆತಂಕಗಳು ಒಟ್ಟಿಗೆ ಸೇರಿಕೊಂಡಿವೆ. ಬರೆದಿಟ್ಟದ್ದು ಕಳೆದುಹೋಗುತ್ತಿದೆ, ಮುಗಿದ ತಪ್ಪು ಮರಳಿ ಬರುತ್ತಿದೆ, ಹೊಸದಾಗಿ ಬರುವವರು ಪಟ್ಟಿಗೆ ಬರೆಯಲಾರರು. ಮೊದಲ ಎರಡು ತೊಂದರೆಗಳು ನೀವು ಫೈಲನ್ನು ಬಳಸುತ್ತಿರುವ ರೀತಿಯಿಂದ ಹುಟ್ಟಿದವು. ಅವನ್ನು ಫೈಲು ಬಿಡದೆಯೇ ಸರಿಪಡಿಸಬಹುದು. ಮೂರನೆಯದು ಮಾತ್ರ ಫೈಲಿನ ನಿಜವಾದ ಮಿತಿ. ತುಮಕೂರು, ತಿಪಟೂರು ಕಡೆಯ ಸಣ್ಣ ತಂಡಗಳ ಕೆಲಸವನ್ನು ಹತ್ತಿರದಿಂದ ನೋಡುತ್ತ ಬಂದಿರುವ ನನಗೆ ಮನವರಿಕೆಯಾಗಿರುವುದು ಇಷ್ಟು: ಪಟ್ಟಿ ಎಷ್ಟು ಉದ್ದವಾಗಿದೆ ಎಂಬುದರಿಂದ ಟೆಕ್ಸ್ಟ್ ಫೈಲ್ ಸಾಕೋ ಸಾಲದೋ ಎಂಬುದು ತೀರ್ಮಾನವಾಗುವುದಿಲ್ಲ, ಅದಕ್ಕೆ ಯಾರು ಯಾರು ಬರೆಯಬೇಕಾಗಿದೆ ಎಂಬುದರಿಂದ ತೀರ್ಮಾನವಾಗುತ್ತದೆ.

ಹುಡುಗಾಟ ಎಂಬ ಮಾತನ್ನು ಮೊದಲು ನೋಡೋಣ. 1971ರ ನವೆಂಬರಿನಲ್ಲಿ ಹೊರಬಂದ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿಯಲ್ಲೇ ಆಜ್ಞೆಗಳ ವಿವರಣೆಯ ಕೊನೆಗೆ ‘ಬಗ್ಸ್’ ಎಂಬ ಭಾಗವಿದ್ದು, ಆ ಆಜ್ಞೆಯ ಗೊತ್ತಿರುವ ದೋಷಗಳನ್ನು ಅಲ್ಲೇ ಸರಳ ಪಠ್ಯದಲ್ಲಿ ಬರೆಯಲಾಗುತ್ತಿತ್ತು. ಅಕ್ಷರ ಜೋಡಣೆಯ ತಂತ್ರಾಂಶವಾದ ಟೆಕ್ ಅನ್ನು ರೂಪಿಸಿದ ಡೊನಾಲ್ಡ್ ಕ್ನೂತ್ 1978ರಿಂದ ಅದರಲ್ಲಿ ಸಿಕ್ಕ ಪ್ರತಿಯೊಂದು ತಪ್ಪನ್ನೂ ಕ್ರಮವಾಗಿ ದಾಖಲಿಸುತ್ತ ಬಂದರು. ಪ್ರತಿ ನಮೂದಿಗೂ ಅದು ಯಾವ ಬಗೆಯ ತಪ್ಪು ಎಂದು ತಿಳಿಸುವ ಒಂದು ಅಕ್ಷರವನ್ನು ಕೊಟ್ಟು – ಲೆಕ್ಕದ ಕ್ರಮವೇ ತಪ್ಪಿದ್ದರೆ ಎ, ಸೇರಿಸಲು ಮರೆತ ಸೌಲಭ್ಯವಾದರೆ ಎಫ್, ಹೀಗೆ – ಆ ಪಟ್ಟಿಯನ್ನು ವಿಶ್ಲೇಷಿಸಿ 1989ರಲ್ಲಿ ಪ್ರಕಟಿಸಿದರು. ಒಬ್ಬರೇ ಬರೆದು ಒಬ್ಬರೇ ಕಾಪಾಡಿದ್ದರಿಂದ ಆ ಸರಳ ಪಟ್ಟಿ ಅಷ್ಟು ಕಾಲ ಬಾಳಿತು. ಇನ್ನೊಂದು ಬದಿಯಲ್ಲಿ, ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸುವ ಡೆಬಿಯನ್ ಯೋಜನೆಯ ದೋಷ ದಾಖಲೆ ವ್ಯವಸ್ಥೆ 1994ರಲ್ಲಿಯೂ ಬ್ರೌಸರ್ ತಯಾರಿಸುವ ಮೊಜಿಲ್ಲಾದ ಅಂಥದೇ ವ್ಯವಸ್ಥೆ ಬಗ್‌ಜಿಲ್ಲಾ 1998ರಲ್ಲಿಯೂ ಬಂದವು; ಅಲ್ಲಿ ಕೋಡಿಗೆ ಎಂದೂ ಕೈ ಹಾಕದ ಹೊರಗಿನ ಜನರೂ ದೂರು ಬರೆಯಬೇಕಾಗಿತ್ತು. ನಿಮ್ಮ ಗೆಳೆಯ ದೊಡ್ಡ ಕಂಪನಿಯಲ್ಲಿ ಎರಡನೆಯ ಬಗೆಯ ಪರಿಸ್ಥಿತಿಯನ್ನು ನಿತ್ಯ ನೋಡುತ್ತಾರೆ, ಆದ್ದರಿಂದ ಅವರ ಮಾತು ಅವರ ಮಟ್ಟಿಗೆ ಸರಿಯೇ.

ಫೈಲ್ ದೊಡ್ಡದಾಗಿಬಿಟ್ಟಿತು ಎಂಬ ಭಯಕ್ಕೂ ಆಧಾರವಿಲ್ಲ. ಯೂನಿಕೋಡ್ ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8 ಎಂಬ ಉಳಿಸುವ ಕ್ರಮದಲ್ಲಿ 3 ಬೈಟ್ ಬೇಕು. ಒಂದೊಂದರಲ್ಲಿ 600 ಸಂಕೇತಗಳಿರುವ 1000 ನಮೂದುಗಳನ್ನು ಬರೆದರೂ 1.8 ಎಂಬಿ ಆಗುತ್ತದೆ, ಅಂದರೆ ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟು. ಯಂತ್ರಕ್ಕೆ ಅದು ಭಾರವಲ್ಲ, ಆದರೆ ಓದುವವರಿಗೆ ಭಾರ. 900 ಸಾಲುಗಳಲ್ಲಿ ಇನ್ನೂ ಜೀವವಿರುವ ನಮೂದುಗಳು ಎಷ್ಟು ಎಂದು ಒಮ್ಮೆ ಕುಳಿತು ಎಣಿಸಿ. ಮುಗಿದವನ್ನೆಲ್ಲ ಬೇರೊಂದು ಫೈಲಿಗೆ ಸರಿಸಿದರೆ ಉಳಿಯುವ ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದಾಗಿರುವ ಸಾಧ್ಯತೆಯೇ ಹೆಚ್ಚು.

ಈಗ ಮಾಯವಾದ ಟಿಪ್ಪಣಿಗಳ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಯಾರೂ ಸುಳ್ಳು ಹೇಳದೆಯೇ ಇಂಥ ಅಳಿಸುವಿಕೆ ನಡೆದುಬಿಡುತ್ತದೆ. ಇಬ್ಬರು ಬೇರೆ ಬೇರೆಯಾಗಿ ತಿದ್ದಿದ ಫೈಲನ್ನು ಗಿಟ್ ಒಂದುಗೂಡಿಸುವಾಗ, ಇಬ್ಬರ ಪ್ರತಿಗಳನ್ನೂ ಅವೆರಡಕ್ಕೂ ಮೂಲವಾದ ಹಳೆಯ ಪ್ರತಿಯ ಜೊತೆ ಹೋಲಿಸುತ್ತದೆ. ಬದಲಾವಣೆಗಳು ದೂರ ದೂರದ ಸಾಲುಗಳಲ್ಲಿದ್ದರೆ ಅದು ತಾನಾಗಿಯೇ ಸೇರಿಸಿಕೊಳ್ಳುತ್ತದೆ. ಒಂದೇ ಜಾಗದಲ್ಲಿದ್ದರೆ ಕಾನ್‌ಫ್ಲಿಕ್ಟ್ ಎಂದು ನಿಲ್ಲಿಸಿ, ಯಾವುದು ಬೇಕೆಂದು ನಿಮ್ಮನ್ನು ಕೇಳುತ್ತದೆ. ಬಗ್ ಪಟ್ಟಿಯಲ್ಲಿ ಎಲ್ಲರೂ ಹೊಸ ನಮೂದನ್ನು ಫೈಲಿನ ಕೊನೆಗೇ ಸೇರಿಸುತ್ತಾರಾದ್ದರಿಂದ, ಇಬ್ಬರು ಒಂದೇ ದಿನ ಒಂದೊಂದು ನಮೂದು ಬರೆದರೂ ಸಾಕು, ಕಾನ್‌ಫ್ಲಿಕ್ಟ್ ಬಂದೇ ಬರುತ್ತದೆ. ಆಗ ಅವಸರದಲ್ಲಿರುವವರು ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಒಬ್ಬರ ಪ್ರತಿಯನ್ನಷ್ಟೇ ಉಳಿಸುವ ‘ಆಕ್ಸೆಪ್ಟ್ ಕರೆಂಟ್ ಚೇಂಜ್’ ಒತ್ತಿ ಮುಂದೆ ಹೋಗುತ್ತಾರೆ. ಕೋಡಿನಲ್ಲಿ ಹಾಗೆ ಮಾಡಿದ್ದರೆ ಪ್ರೋಗ್ರಾಮ್ ಎಲ್ಲಾದರೂ ಮುರಿದು ತಪ್ಪು ಗೊತ್ತಾಗುತ್ತಿತ್ತು. ಪಟ್ಟಿಯಿಂದ ಇನ್ನೊಬ್ಬರ ನಾಲ್ಕು ಸಾಲು ಹೋದರೆ ಏನೂ ಮುರಿಯುವುದಿಲ್ಲ.

ನಿಮ್ಮ ಟಿಪ್ಪಣಿಗಳು ಗಿಟ್‌ನ ಇತಿಹಾಸದಲ್ಲಿ ಈಗಲೂ ಇರುತ್ತವೆ, ನೀವು ಅವನ್ನು ಕಮಿಟ್ ಮಾಡಿದ್ದರೆ, ಅಂದರೆ ಆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದ್ದರೆ. ಗಿಟ್ ಲಾಗ್ ಆಜ್ಞೆಗೆ ದೊಡ್ಡಕ್ಷರದ ಎಸ್ ಆಯ್ಕೆಯನ್ನು ಕೊಟ್ಟು, ಟಿಪ್ಪಣಿಯಲ್ಲಿದ್ದ ಒಂದು ವಿಶಿಷ್ಟ ಪದವನ್ನು ಹುಡುಕಿದರೆ ಆ ಪದ ಸೇರಿದ ಕಮಿಟ್ ಸಿಗುತ್ತದೆ. ಅಳಿಸಿದ ಕಮಿಟ್ ಮಾತ್ರ ಬಹಳ ಸಲ ಸಿಗುವುದಿಲ್ಲ. ಅಳಿಸುವಿಕೆ ನಡೆದದ್ದು ಇಬ್ಬರ ಪ್ರತಿಗಳನ್ನು ಒಂದುಗೂಡಿಸಿದ ಮರ್ಜ್ ಕಮಿಟ್‌ನಲ್ಲಿ, ಮತ್ತು ಮರ್ಜ್ ಕಮಿಟ್‌ಗಳೊಳಗಿನ ವ್ಯತ್ಯಾಸವನ್ನು ಆ ಆಜ್ಞೆ ತಾನಾಗಿ ನೋಡುವುದಿಲ್ಲ. ಅದಕ್ಕೆ ಚಿಕ್ಕಕ್ಷರದ ಎಂ ಆಯ್ಕೆಯನ್ನೂ ಜೊತೆಗೆ ಕೊಡಬೇಕು. ಫೈಲಿನ ಹೆಸರನ್ನು ಕೊಡದೆ ಇಡೀ ಇತಿಹಾಸದಲ್ಲಿ ಹುಡುಕಿ, ಏಕೆಂದರೆ ಹೆಸರು ಕೊಟ್ಟರೆ ಗಿಟ್ ಇತಿಹಾಸದ ಕೆಲವು ಕವಲುಗಳನ್ನು ಬಿಟ್ಟು ಸಂಕ್ಷೇಪಗೊಳಿಸಿ ತೋರಿಸುತ್ತದೆ. ಸಿಕ್ಕಿದ ಮೇಲೆ ಯಾರ ಕೈಯಿಂದ ಆಯಿತು ಎಂದು ವಿಚಾರಣೆ ನಡೆಸಬೇಡಿ. ಮೂವರ ತಂಡದಲ್ಲಿ ಅದರಿಂದ ಆಗುವ ಕೆಡುಕು ಕಳೆದುಹೋದ ಟಿಪ್ಪಣಿಗಿಂತ ದೊಡ್ಡದು.

ಇದೇ ಬಗೆಯ ಇನ್ನೊಂದು ತೊಂದರೆ ಸಾಲಿನ ಅಂತ್ಯದ ಸಂಕೇತದಿಂದ ಬರುತ್ತದೆ. ನಿಮ್ಮಲ್ಲಿ ಒಬ್ಬರು ವಿಂಡೋಸ್, ಇನ್ನೊಬ್ಬರು ಲಿನಕ್ಸ್ ಬಳಸುತ್ತಿದ್ದರೆ, ಒಬ್ಬರ ಎಡಿಟರ್ ಇಡೀ ಫೈಲಿನ ಸಾಲು ಅಂತ್ಯಗಳನ್ನು ಬದಲಿಸಿ ಉಳಿಸಿದಾಗ 900 ಸಾಲುಗಳೂ ಬದಲಾದಂತೆ ಗಿಟ್‌ಗೆ ಕಾಣುತ್ತದೆ. ಗಿಟ್‌ಗೆ ನಿಯಮಗಳನ್ನು ಹೇಳುವ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಟೆಕ್ಸ್ಟ್ ಫೈಲುಗಳ ಸಾಲು ಅಂತ್ಯವನ್ನು ಏಕರೂಪಗೊಳಿಸುವ ‘ಟೆಕ್ಸ್ಟ್=ಆಟೋ’ ನಿಯಮವನ್ನು ಒಮ್ಮೆ ಹಾಕಿದರೆ ಈ ಕಾಟ ತಪ್ಪುತ್ತದೆ.

ಹಮಾಲಿ ಲೆಕ್ಕದ ತಪ್ಪು ಮರಳಿ ಬಂದದ್ದಕ್ಕೆ ಬೇರೆಯೇ ಕಾರಣವಿದೆ. ‘ಮುಗಿಯಿತು’ ಎಂಬ ಗುರುತಿಗೆ ನಿಮ್ಮ ತಂಡದಲ್ಲಿ ಏನರ್ಥ ಎಂದು ಮೂವರನ್ನೂ ಪ್ರತ್ಯೇಕವಾಗಿ ಕೇಳಿ ನೋಡಿ. ಕೋಡ್ ಬರೆದವರಿಗೆ ತಿದ್ದುಪಡಿ ತಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡಿದರೆ ಮುಗಿದಂತೆ. ಮಂಡಿಯ ಮಾಲೀಕರಿಗೆ ತಮ್ಮ ಬಿಲ್ ಸರಿಯಾಗಿ ಬಂದ ದಿನ ಮುಗಿದಂತೆ. ನಡುವೆ ಮರ್ಜ್ ಆಗುವುದು, ಹೊಸ ಆವೃತ್ತಿ ತಯಾರಾಗುವುದು, ಅದನ್ನು ಆ ಮಂಡಿಯ ಕಂಪ್ಯೂಟರಿನಲ್ಲಿ ಹಾಕುವುದು ಎಂಬ ಮೂರು ಹಂತಗಳಿವೆ. ಜೊತೆಗೆ, ನಿಮ್ಮ ಪಟ್ಟಿ ಕೋಡಿನ ಜೊತೆಗೇ ಇರುವುದರಿಂದ ಕೋಡಿನ ಪ್ರತಿ ಬ್ರಾಂಚಿನಲ್ಲೂ (ಪ್ರತ್ಯೇಕವಾಗಿ ಬೆಳೆಯುವ ಕವಲಿನಲ್ಲೂ) ಪಟ್ಟಿಯ ಬೇರೆ ಪ್ರತಿ ಇರುತ್ತದೆ. ತಿದ್ದುಪಡಿಯ ಬ್ರಾಂಚಿನಲ್ಲಿ ‘ಮುಗಿಯಿತು’ ಎಂದಿರುವ ನಮೂದು ಮುಖ್ಯ ಬ್ರಾಂಚಿನಲ್ಲಿ ಇನ್ನೂ ಬಾಕಿಯೇ ಇರಬಹುದು, ಮತ್ತು ಒಂದು ರೀತಿಯಲ್ಲಿ ಎರಡೂ ಸತ್ಯ, ಏಕೆಂದರೆ ಪ್ರತಿಯೊಂದೂ ತನ್ನ ಪಕ್ಕದಲ್ಲಿರುವ ಕೋಡಿನ ಬಗ್ಗೆ ಮಾತನಾಡುತ್ತಿದೆ.

ಆದ್ದರಿಂದ ಮೂರು ಸ್ಥಿತಿಗಳನ್ನು ಇಟ್ಟುಕೊಳ್ಳಿ: ಬಾಕಿ, ತಿದ್ದಿದೆ, ಮುಗಿದಿದೆ. ತಿದ್ದುಪಡಿಯ ಕೋಡ್ ಮತ್ತು ಪಟ್ಟಿಯಲ್ಲಿ ‘ತಿದ್ದಿದೆ’ ಎಂದು ಬದಲಿಸಿದ ಸಾಲು ಒಂದೇ ಕಮಿಟ್‌ನಲ್ಲಿ ಹೋಗಲಿ. ಟೆಕ್ಸ್ಟ್ ಫೈಲ್ ಕೊಡುವ ಬಹು ದೊಡ್ಡ ಅನುಕೂಲ ಇದೇ: ಆರು ತಿಂಗಳ ನಂತರ ಆ ಕೋಡನ್ನು ನೋಡುವವರಿಗೆ ಏಕೆ ಬದಲಿಸಿದರು ಎಂಬ ಕಾರಣವೂ ಅಲ್ಲೇ ಸಿಗುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ಸಿಗುತ್ತದೆ. ದೂರು ಕೊಟ್ಟ ಮಂಡಿಯಲ್ಲಿ ಹೊಸ ಆವೃತ್ತಿ ಹಾಕಿ ಬಿಲ್ ತೆಗೆದು ನೋಡಿದ ಮೇಲೆಯೇ ‘ಮುಗಿದಿದೆ’ ಎಂದು ಬರೆಯಿರಿ, ಆವೃತ್ತಿಯ ಸಂಖ್ಯೆಯೊಡನೆ. ಪ್ರತಿ ಬಿಡುಗಡೆಗೂ ಗಿಟ್‌ನಲ್ಲಿ ಟ್ಯಾಗ್ ಎಂಬ ಗುರುತು ಹಾಕುವ ಅಭ್ಯಾಸವಿದ್ದರೆ, ಒಂದು ತಿದ್ದುಪಡಿ ಯಾವ ಯಾವ ಬಿಡುಗಡೆಗಳಲ್ಲಿದೆ ಎಂಬುದನ್ನು ಟ್ಯಾಗ್ ಆಜ್ಞೆಯ ‘ಕಂಟೇನ್ಸ್’ ಆಯ್ಕೆ ಕೂಡಲೇ ಹೇಳುತ್ತದೆ. ಆ ಮಂಡಿಯವರು ಹಳೆಯ ಆವೃತ್ತಿಯಲ್ಲೇ ಇದ್ದಾರೆಯೇ ಎಂಬುದನ್ನು ಇಂದೇ ಪರೀಕ್ಷಿಸಿ. ನನ್ನ ಊಹೆ ಹೌದು ಎಂದೇ.

ನಮೂದು ಹೇಗಿರಬೇಕು ಎಂಬುದನ್ನೂ ಹೇಳಬೇಕು, ಏಕೆಂದರೆ ಕೆಟ್ಟ ನಮೂದನ್ನು ಯಾವ ಉಪಕರಣವೂ ಉದ್ಧಾರ ಮಾಡಲಾರದು. ‘ಹಮಾಲಿ ತಪ್ಪು ಬರ್ತಿದೆ, ನೋಡಬೇಕು’ ಎಂಬ ಒಂದು ಸಾಲು ಬರೆದ ದಿನ ಬರೆದವರಿಗೆ ಅರ್ಥವಾಗುತ್ತದೆ, ತಿಂಗಳ ನಂತರ ಅವರಿಗೂ ಅರ್ಥವಾಗುವುದಿಲ್ಲ. ಅದರ ಬದಲು ಹೀಗೆ ಬರೆದರೆ ನೋಡಿ:

0714-ಮ1 | ಬಾಕಿ | ಹೊಣೆ: ಮ | ಆವೃತ್ತಿ 2.3
ಒಬ್ಬ ಖರೀದಿದಾರರ ಎರಡು ಲಾಟು ಒಂದೇ ಬಿಲ್‌ಗೆ ಸೇರಿಸಿದಾಗ ಹಮಾಲಿ ಹೆಚ್ಚು ಬರುತ್ತದೆ.
ಮಾಡಿದ್ದು: 40 ಬಾಕ್ಸಿನ ಲಾಟು ಸೇರಿಸಿ, ನಂತರ 25 ಬಾಕ್ಸಿನ ಲಾಟು ಸೇರಿಸಿದೆ.
ಬರಬೇಕಾದದ್ದು: 65 ಬಾಕ್ಸಿನ ಹಮಾಲಿ.
ಬಂದದ್ದು: 105 ಬಾಕ್ಸಿನ ಹಮಾಲಿ.

ಇಲ್ಲಿ ಕೊನೆಯ ಸಂಖ್ಯೆಯೇ ಅರ್ಧ ಕೆಲಸ ಮಾಡಿಬಿಡುತ್ತದೆ. 105 ಎಂದರೆ 40 ಮತ್ತು 65. ಅಂದರೆ ಎರಡನೆಯ ಲಾಟು ಸೇರಿದಾಗ ಒಟ್ಟು ಲೆಕ್ಕ ಸರಿಯಾಗಿಯೇ ಬಂದು, ಮೊದಲ ಲಾಟಿನ ಹಳೆಯ ಮೊತ್ತವನ್ನು ತೆಗೆದುಹಾಕದೆ ಅದರ ಮೇಲೆ ಮತ್ತೆ ಕೂಡಿಸಲಾಗಿದೆ. ಕೋಡನ್ನು ತೆರೆಯುವ ಮೊದಲೇ ಎಲ್ಲಿ ನೋಡಬೇಕೆಂಬುದು ಗೊತ್ತಾಯಿತು. ‘ಹೆಚ್ಚು ಬರುತ್ತದೆ’ ಎಂದಷ್ಟೇ ಬರೆದಿದ್ದರೆ ಒಂದು ಮಧ್ಯಾಹ್ನ ಹುಡುಕಾಟದಲ್ಲೇ ಹೋಗುತ್ತಿತ್ತು. ನಮೂದಿನ ಗುರುತಿನಲ್ಲಿ ತಿಂಗಳು, ದಿನಾಂಕ, ಬರೆದವರ ಮೊದಲ ಅಕ್ಷರ, ಅಂದಿನ ಕ್ರಮಾಂಕ ಇವೆ. ಒಂದು, ಎರಡು, ಮೂರು ಎಂದು ಎಲ್ಲರಿಗೂ ಒಂದೇ ಸರಣಿ ಇಟ್ಟುಕೊಂಡರೆ ಇಬ್ಬರು ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ 143 ಎಂಬ ಒಂದೇ ಸಂಖ್ಯೆಯನ್ನು ಎರಡು ಬೇರೆ ತಪ್ಪುಗಳಿಗೆ ಕೊಡುತ್ತಾರೆ. ಹೊಸ ವರ್ಷದಲ್ಲಿ ಗುರುತುಗಳು ಮರುಕಳಿಸದಂತೆ ವರ್ಷವನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಕನ್ನಡದಲ್ಲಿ ಬರೆಯುವ ತಂಡಗಳು ಎದುರಿಸುವ ಒಂದು ತೊಡಕನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬರೆದ ಪಠ್ಯ ಟೆಕ್ಸ್ಟ್ ಫೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಎಲ್ಲರೂ ಯೂನಿಕೋಡ್‌ನಲ್ಲೇ ಬರೆಯಬೇಕು, ಯುಟಿಎಫ್-8 ಆಗಿಯೇ ಉಳಿಸಬೇಕು. ಯೂನಿಕೋಡ್ ಬಳಸಿದರೂ ಒಬ್ಬರು ‘ಬಾಕ್ಸ್‌ಗಳು’ ಎಂಬಲ್ಲಿ ಅಕ್ಷರಗಳನ್ನು ಬಿಡಿಸುವ ಕಾಣದ ಸಂಕೇತವೊಂದನ್ನು ಸೇರಿಸಿ ಬರೆದಿರುತ್ತಾರೆ, ಇನ್ನೊಬ್ಬರು ಅದಿಲ್ಲದೆ ‘ಬಾಕ್ಸ್ಗಳು’ ಎಂದು ಬರೆದಿರುತ್ತಾರೆ. ಓದುವವರು ಎರಡನ್ನೂ ಒಂದೇ ಪದವೆಂದು ಓದುತ್ತಾರೆ, ಆದರೆ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಆದ್ದರಿಂದ ಹುಡುಕಲು ಬೇಕಾದ ಪದಗಳನ್ನು – ಬಿಲ್, ಲಾಟು, ಹಮಾಲಿ, ವಸೂಲಿ, ಮುದ್ರಣ – ಫೈಲಿನ ಮೇಲ್ಭಾಗದಲ್ಲಿ ಒಂದು ಸಾಲಿನಲ್ಲಿ ಬರೆದಿಟ್ಟು, ಪ್ರತಿ ನಮೂದಿಗೂ ಅದರಿಂದಲೇ ನಕಲಿಸಿ ಹಾಕಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಅತ್ಯಂತ ಸುಲಭವಾದದ್ದು, ಒಂದೇ ಫೈಲ್ ಇಟ್ಟುಕೊಂಡು ಅದಕ್ಕೆ ಬರೆಯುವ ಹೊಣೆಯನ್ನು ಒಬ್ಬರಿಗೇ ಕೊಡುವುದು. ಉಳಿದವರು ಹೇಳುತ್ತಾರೆ, ಅವರು ಬರೆಯುತ್ತಾರೆ. ಕಾನ್‌ಫ್ಲಿಕ್ಟ್ ಬರುವುದಿಲ್ಲ, ನಮೂದುಗಳ ಗುಣಮಟ್ಟವೂ ಒಂದೇ ರೀತಿ ಇರುತ್ತದೆ. ಅಪಾಯವೆಂದರೆ ಅವರು ಊರಿಗೆ ಹೋದ ವಾರ ಪಟ್ಟಿ ನಿಂತುಹೋಗುತ್ತದೆ.

ನಿಮಗೆ ಹೆಚ್ಚು ಹೊಂದುವುದು ಒಂದು ಫೋಲ್ಡರ್ ಮಾಡಿ ಪ್ರತಿ ಸಮಸ್ಯೆಗೂ ಒಂದೊಂದು ಚಿಕ್ಕ ಫೈಲ್ ಇಡುವ ಕ್ರಮ. ಇಬ್ಬರು ಎರಡು ಹೊಸ ಸಮಸ್ಯೆ ಬರೆದರೆ ಎರಡು ಬೇರೆ ಫೈಲುಗಳಾಗುತ್ತವೆ, ಡಿಕ್ಕಿ ಹೊಡೆಯುವ ಪ್ರಸಂಗವೇ ಬರುವುದಿಲ್ಲ. ಮುಗಿದದ್ದನ್ನು ‘ಮುಗಿದವು’ ಎಂಬ ಫೋಲ್ಡರಿಗೆ ಸರಿಸಿದರಾಯಿತು. ಒಟ್ಟು ನೋಟ ಸಿಗುವುದಿಲ್ಲ ಎಂಬುದು ಇದರ ಕೊರತೆ. ಪ್ರತಿ ಫೈಲಿನ ಮೊದಲ ಸಾಲನ್ನು ಒಟ್ಟುಗೂಡಿಸಿ ಪಟ್ಟಿ ಮಾಡುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಂಡರೆ ಅದೂ ನೀಗುತ್ತದೆ. ಆ ಸ್ಕ್ರಿಪ್ಟನ್ನು ಬೆಳೆಸುತ್ತ ಹೋಗಬೇಡಿ. ಬಣ್ಣ, ನಕ್ಷೆ, ನೆನಪೋಲೆ ಎಂದು ಸೇರಿಸುತ್ತ ಮಂಡಿ ಸಾಫ್ಟ್‌ವೇರ್ ಬಿಟ್ಟು ಬಗ್ ಪಟ್ಟಿಯ ಸಾಫ್ಟ್‌ವೇರ್ ಮಾಡಲು ಕುಳಿತ ತಂಡಗಳನ್ನು ನಾನು ಕಂಡಿದ್ದೇನೆ.

ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ‘ಮರ್ಜ್=ಯೂನಿಯನ್’ ಎಂದು ಬರೆದರೆ ಕಾನ್‌ಫ್ಲಿಕ್ಟ್ ನಿಲ್ಲುತ್ತದೆ ಎಂಬ ಸಲಹೆ ನಿಮಗೆ ಯಾರಾದರೂ ಕೊಡಬಹುದು. ಅದು ಇಬ್ಬರ ಸಾಲುಗಳನ್ನೂ ಉಳಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಒಂದೇ ನಮೂದಿನ ಸ್ಥಿತಿಯನ್ನು ಒಬ್ಬರು ‘ತಿದ್ದಿದೆ’ ಎಂದೂ ಇನ್ನೊಬ್ಬರು ‘ಮುಗಿದಿದೆ’ ಎಂದೂ ಬದಲಿಸಿದ್ದರೆ ಎರಡೂ ಸಾಲುಗಳು ಸದ್ದಿಲ್ಲದೆ ಒಂದರ ಕೆಳಗೊಂದು ಕೂರುತ್ತವೆ. ಬರೀ ಸೇರಿಸುತ್ತ ಹೋಗುವ, ಎಂದೂ ತಿದ್ದದ ಫೈಲಿಗೆ ಮಾತ್ರ ಅದು ಸರಿ. ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶವನ್ನು ರಚಿಸಿದ ರಿಚರ್ಡ್ ಹಿಪ್ ಅವರದೇ ಆದ ಫಾಸಿಲ್ ಎಂಬ ವ್ಯವಸ್ಥೆಯಲ್ಲಿ ಕೋಡ್ ಮತ್ತು ದೂರುಗಳು ಒಂದೇ ಭಂಡಾರದಲ್ಲಿರುತ್ತವೆ, ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಅದಕ್ಕಾಗಿ ಗಿಟ್ ಬಿಡಬೇಕಾಗುವುದರಿಂದ ನಿಮಗೆ ಅದನ್ನು ನಾನು ಹೇಳಲಾರೆ.

ಕೊನೆಯದು ಜಿರಾ, ರೆಡ್‌ಮೈನ್, ಗಿಟ್‌ಹಬ್ ಇಶ್ಯೂಸ್ ಮುಂತಾದ ವೆಬ್ ವ್ಯವಸ್ಥೆಗಳು. ಗಿಟ್ ಗೊತ್ತಿಲ್ಲದವರೂ ಬರೆಯಬಹುದು, ಚಿತ್ರ ಲಗತ್ತಿಸಬಹುದು, ಹೊಣೆ ಹೊತ್ತವರಿಗೆ ಸೂಚನೆ ತಾನಾಗಿ ಹೋಗುತ್ತದೆ. ಇವು ನಿಜವಾದ ಲಾಭಗಳು. ಆದರೆ ಗಿಟ್‌ಹಬ್‌ನಿಂದ ಕೋಡನ್ನು ಕ್ಲೋನ್ ಮಾಡಿಕೊಂಡಾಗ (ಪ್ರತಿ ಇಳಿಸಿಕೊಂಡಾಗ) ಇಶ್ಯೂಗಳು, ಅಂದರೆ ಅಲ್ಲಿ ಬರೆದ ದೂರುಗಳು, ಅದರ ಜೊತೆ ಬರುವುದಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಅವನ್ನು ಪ್ರತ್ಯೇಕವಾಗಿ ಹೊರತೆಗೆದು ಕಾಪಾಡಿಕೊಳ್ಳಬೇಕು. ಇನ್ನು, ಬರೆಯುವುದು ಸುಲಭವಾದಷ್ಟೂ ಪಟ್ಟಿ ಉಬ್ಬುತ್ತದೆ. ಉಪಕರಣ ಬದಲಾದರೆ ಶಿಸ್ತು ತಾನಾಗಿ ಬರುತ್ತದೆ ಎಂಬ ನಂಬಿಕೆಯಿಂದ ಬದಲಾಯಿಸಿದವರು, ಯಾರೂ ಓದದ ನೂರಾರು ತೆರೆದ ಟಿಕೆಟ್‌ಗಳನ್ನು (ಬಾಕಿ ನಮೂದುಗಳನ್ನು) ಮುಂದಿಟ್ಟುಕೊಂಡು ಕೂರುತ್ತಾರೆ.

ಶ್ರೀನಿವಾಸಪುರದ ಹೊಸಬರ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ದೂರು ಬೇರೆ, ಸಮಸ್ಯೆ ಬೇರೆ. ಸುಗ್ಗಿಯ ಬೆಳಿಗ್ಗೆ ಹತ್ತು ಮಂಡಿಗಳಿಂದ ‘ಬಿಲ್ ಬರ್ತಿಲ್ಲ’ ಎಂಬ ಹತ್ತು ಫೋನ್ ಬಂದರೆ, ಅದರ ಹಿಂದೆ ಒಂದು ಬಗ್, ಎರಡು ಪ್ರಿಂಟರ್ ತೊಂದರೆ, ಒಂದು ಮರೆತ ಪಾಸ್‌ವರ್ಡ್ ಇರಬಹುದು. ನೀವು ಮಂಡಿಗಳಿಗೆ ಮಾಡಿಕೊಟ್ಟಿರುವ ಲೆಕ್ಕದಲ್ಲೇ ಕಿರ್ದಿ ಬೇರೆ, ಖಾತೆ ಬೇರೆ ಇಟ್ಟಿದ್ದೀರಿ. ಬಂದದ್ದೆಲ್ಲ ಕಿರ್ದಿಯಲ್ಲಿ ದಿನದ ಕ್ರಮದಲ್ಲಿ ಬೀಳುತ್ತದೆ, ಅಲ್ಲಿಂದ ಸಂಬಂಧಪಟ್ಟ ಖಾತೆಗೆ ಏರುತ್ತದೆ. ಹಾಗೆಯೇ ಹೊಸಬರು ಗೂಗಲ್ ಶೀಟ್‌ನಂಥ ಹಂಚಿಕೊಂಡ ಪಟ್ಟಿಯಲ್ಲಿ ಸಮಯ, ಮಂಡಿ, ಹೇಳಿದ ಮಾತು ಇಷ್ಟನ್ನು ಅವರು ಹೇಳಿದಂತೆಯೇ ಬರೆಯಲಿ. ಪ್ರತಿ ಸಂಜೆ ನಿಮ್ಮಲ್ಲೊಬ್ಬರು ಅದನ್ನು ಓದಿ, ಬಗ್ ಎಂದು ಕಂಡದ್ದನ್ನು ಫೋಲ್ಡರಿಗೆ ಏರಿಸಿ, ನಮೂದಿನ ಗುರುತನ್ನು ಶೀಟಿನ ಆ ಸಾಲಿಗೆ ಮರಳಿ ಬರೆಯಲಿ. ಮಾಲೀಕರು ಮತ್ತೆ ಫೋನ್ ಮಾಡಿದಾಗ ಹೊಸಬರು ಆ ಗುರುತು ನೋಡಿ ಉತ್ತರ ಹೇಳಬಹುದು.

ಇದರಲ್ಲಿ ಒಂದು ಎಚ್ಚರಿಕೆಯನ್ನು ಕಟ್ಟುನಿಟ್ಟಾಗಿ ಪಾಲಿಸಿ. ವಾಟ್ಸ್‌ಆಪ್‌ನಲ್ಲಿ ಬಂದ ಬಿಲ್ಲಿನ ಚಿತ್ರ, ಖರೀದಿದಾರರ ಹೆಸರು, ಫೋನ್ ಸಂಖ್ಯೆ, ಯಾರದೇ ಪಾಸ್‌ವರ್ಡ್ ಗಿಟ್‌ನೊಳಗೆ ಹೋಗಕೂಡದು. ಮರುದಿನ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿಯುತ್ತದೆ. ಪೂರ್ತಿ ತೆಗೆಯಬೇಕಾದರೆ ಇತಿಹಾಸವನ್ನೇ ತಿರುಗಿ ಬರೆದು, ಎಲ್ಲರ ಲ್ಯಾಪ್‌ಟಾಪಿನ ಪ್ರತಿಗಳನ್ನೂ ಬದಲಿಸಬೇಕು. ಇತರರ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಿಧಿಸುತ್ತದೆ ಎಂಬುದನ್ನೂ ಗಮನದಲ್ಲಿಡಿ. ನಮೂದಿಗೆ ಬೇಕಾದದ್ದು 40 ಬಾಕ್ಸ್, 25 ಬಾಕ್ಸ್ ಎಂಬ ಲೆಕ್ಕ ಮಾತ್ರ, ಅದು ಯಾರದ್ದು ಎಂಬುದು ಬೇಡ.

ಈ ವ್ಯವಸ್ಥೆ ಸಾಲದಾಗುವ ದಿನವನ್ನು ಗುರುತಿಸುವುದು ಕಷ್ಟವಲ್ಲ. ಸಂಜೆಯ ಏರಿಕೆ ಎರಡು ಮೂರು ದಿನ ಹಿಂದೆ ಬೀಳುವುದು ವಾಡಿಕೆಯಾದರೆ, ಅಥವಾ ಫೋನ್ ತೆಗೆದುಕೊಳ್ಳುವವರು ಇಬ್ಬರಾದರೆ, ಅಥವಾ ಒಂದೇ ಸಮಸ್ಯೆಯ ಮೇಲೆ ಹಲವರು ವಾದ ಪ್ರತಿವಾದ ಬರೆಯಬೇಕಾಗಿ ಬಂದರೆ, ವೆಬ್ ವ್ಯವಸ್ಥೆಗೆ ಹೋಗಿ. ಅಂದು ಮೂವರೂ ಕುಳಿತು ಬಾಕಿ ಇರುವ ಪ್ರತಿ ನಮೂದನ್ನೂ ಓದಿ, ಇಂದಿಗೂ ನಿಜವಾಗಿರುವವನ್ನು ಮಾತ್ರ ಹೊಸ ಜಾಗಕ್ಕೆ ಒಯ್ಯಿರಿ. ಹಳೆಯ ಗುರುತನ್ನು ಹೊಸ ಟಿಕೆಟ್‌ನ ಶೀರ್ಷಿಕೆಯಲ್ಲಿ ಉಳಿಸಿ, ಏಕೆಂದರೆ ನಿಮ್ಮ ಕಮಿಟ್‌ಗಳಲ್ಲಿ ಆ ಗುರುತುಗಳೇ ಇರುತ್ತವೆ. ಹಳೆಯ ಫೋಲ್ಡರನ್ನು ಅಳಿಸದೆ, ಇಂಥ ದಿನಾಂಕದ ನಂತರ ಇಲ್ಲಿ ಬರೆಯಬಾರದು, ಪಟ್ಟಿ ಇಂಥಲ್ಲಿದೆ ಎಂಬ ಒಂದು ಸಾಲನ್ನು ಅದರಲ್ಲಿ ಹಾಕಿ ಕಮಿಟ್ ಮಾಡಿ.